ಸ್ಪಷ್ಟನೆ: ನರದ ನೋವಿನ ಮಾತ್ರೆ ದಿಢೀರ್ ನಿಲ್ಲಿಸಬೇಡಿ

ನರದ ನೋವಿಗೆ ಕೊಡುವ ಪ್ರಿಗಾಬಲಿನ್ ಮಾತ್ರೆ ಬಗ್ಗೆ "ಪ್ರಿಗಾಬಲಿನ್ ತಗೊಂಡು ತಲೆ ಸುತ್ತಿದರೆ ಅವತ್ತೇ ಬಿಟ್ಟುಬಿಡಿ" ಅನ್ನೋ ಮೆಸೇಜ್ ಓಡಾಡುತ್ತಿದೆ. ಮೊನ್ನೆ ನಾನೂ ಸುಮ್ನೆ ಫಾರ್ವರ್ಡ್ ಮಾಡಿದ್ದೆ. ಅದು ತಪ್ಪು.

ಮಾತ್ರೆ ಡಬ್ಬಿಯಲ್ಲಿ ಮಡಚಿಟ್ಟ ಚೀಟಿ ಇರುತ್ತದಲ್ವಾ, ಅದರಲ್ಲೇ ಇದೆ: ನಿಲ್ಲಿಸುವುದಾದರೆ ಕನಿಷ್ಠ 1 ವಾರ ಹಿಡಿದು ಡೋಸ್ ಇಳಿಸುತ್ತಾ ಬರಬೇಕು. ಒಮ್ಮೆಲೇ ಬಿಟ್ಟರೆ ನಿದ್ದೆಗೇಡು, ತಲೆನೋವು, ವಾಕರಿಕೆ, ಬೆವರು ಕಾಡಬಹುದು. ಫಿಟ್ಸ್ ಇರುವವರಿಗೆ ಅದು ಜಾಸ್ತಿಯಾಗಬಹುದು. ಇದೇ ಜಾತಿಯ ಇನ್ನೊಂದು ಮಾತ್ರೆ ಗ್ಯಾಬಪೆಂಟಿನ್‌ಗೂ ಇದೇ ಮಾತು.

ಶುರುವಿನಲ್ಲಿ ತಲೆಸುತ್ತು, ತೂಕಡಿಕೆ ಸಾಮಾನ್ಯ. ಡಾಕ್ಟರಿಗೆ ಹೇಳಿ, ಡೋಸ್ ಬದಲಿಸಬಹುದು. ತಲೆಸುತ್ತು, ತೂಕಡಿಕೆ ಹೋಗುವತನಕ ಸ್ಕೂಟರ್ ಬೇಡ; ಮಾತ್ರೆ ತಗೊಳ್ಳುವಷ್ಟು ದಿನವೂ ಕುಡಿತ ಬೇಡ. ರಾತ್ರಿ ಬಚ್ಚಲಿಗೆ ಹೋಗುವಾಗ ಮಂಚದ ಅಂಚಲ್ಲಿ ಒಂದು ನಿಮಿಷ ಕೂತು ಏಳಿ. ಆದರೆ ಮುಖ, ನಾಲಿಗೆ ಊದಿದರೆ ಇಲ್ಲವೇ ಉಸಿರು ಕಟ್ಟಿದರೆ ಮಾತ್ರೆ ಬಿಟ್ಟು ತಕ್ಷಣ ಆಸ್ಪತ್ರೆಗೆ ಓಡಿ.

ಆ ಮೆಸೇಜ್ ಇನ್ನು ಯಾರಿಗೂ ಕಳಿಸಬೇಡಿ.