ಮದುಮಗಳು ಉಟ್ಟದ್ದು ಉಡುಪಲ್ಲ!

ಮೈಸೂರಿನ ಯಾವುದೇ ಛತ್ರಕ್ಕೆ ಹೋಗಿ ನೋಡಿ. ಹೆಣ್ಣು ಮೈಸೂರು ಸಿಲ್ಕ್ ಸೀರೆಯಲ್ಲಿ, ಗಂಡು ಗರಿಗರಿ ಮೇಲುಕೋಟೆ ಪಂಚೆಯಲ್ಲಿ ಜಮ್ಮಂತ ನಿಂತಿರುತ್ತಾರೆ. ಕಸ್ಟಮ್ಸ್‌ನವರ ಸುಂಕದ ಪುಸ್ತಕ ತೆಗೆದರೆ ಇಬ್ಬರೂ ಉಡುಪೇ ಹಾಕಿಲ್ಲ.

ಆ ಪುಸ್ತಕದಲ್ಲಿ ಜವಳಿಗೆ 50ರಿಂದ 63ರವರೆಗೆ ಅಧ್ಯಾಯಗಳು. ಉಡುಪು ಇರುವುದು 61, 62ರಲ್ಲಿ. ರೇಷ್ಮೆ ಸೀರೆ ಸೇರಿರುವುದು 5007ಕ್ಕೆ (ಮೊದಲ ಎರಡು ಅಂಕಿಯೇ ಅಧ್ಯಾಯ), ಅಂದರೆ ಥಾನಿನ ಬಟ್ಟೆಯ ಸಾಲಿಗೆ. ಹತ್ತಿ ಪಂಚೆ 5208ಕ್ಕೆ. ಇಡೀ ಮಂಟಪದಲ್ಲಿ ಮಾನ ಉಳಿಸಿರುವುದು ಹೆಣ್ಣಿನ ರವಿಕೆ ಒಂದೇ, 6206. ಪುರೋಹಿತರ ಗತಿ ಕೇಳಲೇಬೇಡಿ. ನಂಬಿಕೆ ಬರದಿದ್ದರೆ ದೇವರಾಜ ಅರಸು ರಸ್ತೆಯಲ್ಲಿ ಸೀರೆ ತಂದಾಗ ಕೊಟ್ಟ ಜಿಎಸ್‌ಟಿ ಬಿಲ್ ಹುಡುಕಿ. ಎಚ್‌ಎಸ್‌ಎನ್ ಅಂತ ಇರುವುದು ಇದೇ ಪುಸ್ತಕದ ನಂಬರು.

ಸೀರೆ ಹೀಗೆ ಬರೀ ಬಟ್ಟೆಯಾಗಿ ಉಳಿಯಬೇಕಾದರೆ ಸೆರಗು ಸುಮ್ನಿರಬೇಕು. ನೂಲು ಬಿಚ್ಚದಂತೆ ಸಾದಾ ಹೊಲಿಗೆ ಹಾಕಿದರೆ ಪರವಾಗಿಲ್ಲ. ಗಂಟು ಹಾಕಿ ಕುಚ್ಚು ಬಿಟ್ಟಿರೋ, ನಿಯಮದ ಕಣ್ಣಿಗೆ ಅದು 'ತಯಾರಾದ ವಸ್ತು'. ನಮ್ಮ ಬೀದಿಯಲ್ಲಿ ಕುಚ್ಚು ಕಟ್ಟುವ ಅಕ್ಕ ಬಾಗಿಲಲ್ಲಿ ಕೂತು, ಸೆರಗನ್ನು ಮೊಣಕಾಲ ಮೇಲೆ ಹರಡಿಕೊಂಡು, ಎಳೆ ತಿರುಚಿ, ಮಣಿ ಪೋಣಿಸಿ ಗಂಟು ಬಿಗಿಯುತ್ತಾರೆ. ಒಂದೊಂದು ಗಂಟಿಗೂ ದೂರದ ಬಂದರಿನಲ್ಲಿ, ಇದು ಬಟ್ಟೆಯೋ ವಸ್ತುವೋ ಅಂತ ವಾದಿಸಲು ಒಬ್ಬ ವಕೀಲರಿಗೆ ಕೇಸು ಸಿಗಬಹುದು. ಇದು ಅಕ್ಕನ ಕಿವಿಗೆ ಬಿದ್ದರೆ ರೇಟು ಜಾಸ್ತಿ ಮಾಡುತ್ತಾರೆ, ಬಾಯಿ ಬಿಡಬೇಡಿ.

ಕರ್ಚೀಫಿಗೂ ಕಾನೂನಿದೆ. ಯಾವ ಬದಿಯೂ 60 ಸೆಂ.ಮೀ. ದಾಟದಿದ್ದರೆ ಕರ್ಚೀಫು, 6213. ದಾಟಿತೋ, ಶಾಲಿನ ಜಾತಿ, 6214. ಸೀನು ಬಂದಾಗ ಮೊದಲು ಟೇಪು ಹುಡುಕಿ.

ಅಂಗಿಯದ್ದು ಇನ್ನೂ ಚೆಂದ. ಮುಂದಿನ ಎಡಪಟ್ಟಿ ಬಲದ ಮೇಲೆ ಬಂದರೆ ಗಂಡಸರದ್ದು, ಬಲಪಟ್ಟಿ ಎಡದ ಮೇಲೆ ಬಂದರೆ ಹೆಂಗಸರದ್ದು. ಯಾರದ್ದೆಂದು ಯಾವ ರೀತಿಯಲ್ಲೂ ಗೊತ್ತಾಗದಿದ್ದರೆ? ಹೆಂಗಸರ ಖಾತೆಗೆ! ಮನೆಯಲ್ಲಿ ಯಾರೂ ವಹಿಸಿಕೊಳ್ಳದ ಕೆಲಸ ಹೋಗಿ ಬೀಳುವುದೂ ಅಲ್ಲಿಗೇ, ಅಲ್ವಾ? ಮಗುವಿನ ಬಟ್ಟೆ ಅನ್ನಿಸಿಕೊಳ್ಳಲು ಅದು 86 ಸೆಂ.ಮೀ. ಎತ್ತರದೊಳಗಿನ ಮಗುವಿನದ್ದಾಗಿರಬೇಕು. ಮೇಲಕ್ಕೆ ಬೆಳೆದ ಕೂಸು ಮಗುವಲ್ಲ.

ಇಷ್ಟೆಲ್ಲ ಅಳೆದು ತೂಗಿದವರನ್ನು ಒಮ್ಮೆ ಮಂಡ್ಯ ಬಸ್ ಸ್ಟ್ಯಾಂಡಿಗೆ ಕರೆತರಬೇಕು. ನಮ್ಮ ಗೌಡರ ಟವೆಲು ಹೆಗಲ ಮೇಲಿದ್ದಾಗ ಶಾಲು, ಬಿಸಿಲಿಗೆ ರುಮಾಲು, ಬೆವರಿಗೆ ಕರ್ಚೀಫು. ಕಿಟಕಿಯಿಂದ ಒಳಗೆಸೆದರೆ ಸೀಟು ರಿಸರ್ವೇಶನ್. ಅದಕ್ಕೆ ಮಾತ್ರ 63ನೇ ಅಧ್ಯಾಯ ಮುಗಿದರೂ ಕೋಡ್ ಇಲ್ಲ.