ಟೀ ಶರ್ಟಿನ ಮೇಲಿನ ಹೆಣ

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹೊಸ ಸಮಸ್ಯೆ ಎದ್ದಿದೆ. ನೀರಿನ ಟ್ಯಾಂಕರ್ ಬರಲಿಲ್ಲ ಅಂತಲ್ಲ, ಲಿಫ್ಟ್ ಕೆಟ್ಟಿದೆ ಅಂತಲೂ ಅಲ್ಲ. ಪಿಯುಸಿ ಹುಡುಗನೊಬ್ಬ ಕಪ್ಪು ಟೀ ಶರ್ಟ್ ಹಾಕಿಕೊಂಡು ಓಡಾಡುತ್ತಿದ್ದಾನೆ. ಅದರ ಮೇಲೊಂದು ಹೆಣದ ಚಿತ್ರ. ಮಕ್ಕಳ ಗತಿ ಏನು ಎಂದು ಒಬ್ಬರು ಕೇಳಿದರು. ಕೈ ಮುಗಿದ ಇಮೋಜಿಗಳು ಸಾಲುಗಟ್ಟಿ ಬಂದವು.

ನಗಬೇಡಿ. ಜರ್ಮನಿಯಂಥ ಜರ್ಮನಿಯೇ ಟೀ ಶರ್ಟಿಗೆ ಬೆಚ್ಚಿಬಿದ್ದಿತ್ತು. ಕ್ಯಾನಿಬಲ್ ಕಾರ್ಪ್ಸ್, ಅಂದರೆ ನರಭಕ್ಷಕ ಹೆಣ, ಎಂಬ ಅಮೆರಿಕದ ಡೆತ್ ಮೆಟಲ್ (ಸಾವು, ಹಿಂಸೆಯನ್ನೇ ಹಾಡುವ ಅಬ್ಬರದ ರಾಕ್) ಬ್ಯಾಂಡ್ ಗೊತ್ತಲ್ಲ? ಬಫಲೋ ಊರಿನ ಹುಡುಗರು. ಫ್ಲಾರಿಡಾದ ಮಾರಿಸೌಂಡ್ ಸ್ಟುಡಿಯೋಗೆ ಹೋಗಿ ಮೊದಲ ಆಲ್ಬಂ ಮಾಡಿದರು. 1990ರಲ್ಲಿ ಹೊರಬಂತು, ಹೆಸರು 'ಈಟನ್ ಬ್ಯಾಕ್ ಟು ಲೈಫ್'. ಕವರ್ ಮೇಲೆ ವಿನ್ಸೆಂಟ್ ಲಾಕ್ ಬರೆದ ಚಿತ್ರ: ಎದ್ದು ಬಂದ ಹೆಣವೊಂದು ತನ್ನ ಮೈಯನ್ನು ತಾನೇ ಕಿತ್ತು ತಿನ್ನುತ್ತಿದೆ. ಪಾಪ, ಇನ್ನೊಬ್ಬರ ತಟ್ಟೆಗೆ ಕೈ ಹಾಕಿಲ್ಲ. ಅಷ್ಟೊಂದು ಸ್ವಾಭಿಮಾನಿ ಹೆಣ.

ಜರ್ಮನಿಯಲ್ಲಿ ಯಾರೋ ಹಾಕಿದ್ದ ಬ್ಯಾಂಡಿನ ಟೀ ಶರ್ಟ್ ನೋಡಿ ಒಬ್ಬ ಹೆಂಗಸು, ಬಹುಶಃ ಶಾಲೆಯ ಟೀಚರ್, ರಂಪ ಮಾಡಿದರು ಎಂದು ಆಮೇಲಿನ ಗಾಯಕ ಜಾರ್ಜ್ ಫಿಶರ್ ಹೇಳಿಕೊಂಡಿದ್ದಾರೆ. ಮೊದಲ ಮೂರು ಆಲ್ಬಂಗಳ ಒಂದು ಹಾಡನ್ನೂ ಅಲ್ಲಿನ ವೇದಿಕೆ ಮೇಲೆ ಹಾಡುವಂತಿರಲಿಲ್ಲ. 2006ರವರೆಗೆ. ಆಸ್ಟ್ರೇಲಿಯಾ 1996ರಲ್ಲಿ ಇವರ ಆಲ್ಬಂಗಳ ಮಾರಾಟವನ್ನೇ ನಿಲ್ಲಿಸಿತು. ಅದೂ 2006-07ರ ಹೊತ್ತಿಗೆ ಮುಗಿಯಿತು. ಅಷ್ಟರಲ್ಲಿ ಏನು ಬದಲಾಯಿತೋ ದೇವರೇ ಬಲ್ಲ. ಹೆಣ ಅದೇ, ಹಾಡೂ ಅದೇ.

ತಮಾಷೆ ಏನೆಂದರೆ, ಈ ಹಾಡುಗಳಲ್ಲಿ ಒಂದು ಪದವೂ ಕಿವಿಗೆ ಸಿಗುವುದಿಲ್ಲ. ಮೊದಲ ಗಾಯಕ ಕ್ರಿಸ್ ಬಾರ್ನ್ಸ್ ಗಂಟಲಾಳದ ಗುರುಗುಟ್ಟುವ ಹಾಡಿಕೆ, ಅಂದರೆ ಗ್ರೋಲ್, ಶುರು ಮಾಡಿದರೆ, ಸಾಹಿತ್ಯದ ಹಾಳೆ ಕೈಯಲ್ಲಿ ಹಿಡಿದು ಕೂತರೂ ಯಾವ ಸಾಲಿನಲ್ಲಿದ್ದೇವೆ ಅಂತ ತಿಳಿಯುವುದು ಕಷ್ಟ. ಹುಡುಗರು ಸುಮ್ನೆ ಡ್ರಮ್ಮಿಗೆ ತಲೆ ಕುಣಿಸಿ ಮನೆಗೆ ಹೋಗುತ್ತಾರೆ. ಒಂದೊಂದು ಸಾಲನ್ನೂ ಶ್ರದ್ಧೆಯಿಂದ ಓದುವವರು ನಿಷೇಧ ಮಾಡುವವರು ಮಾತ್ರ. ಅವರ ಮನಸ್ಸು ಕೆಡದಿದ್ದರೆ ಸಾಕು.

ಆ ಮೊದಲ ಆಲ್ಬಂ ಅನ್ನು ಆಲ್ಫರ್ಡ್ ಪ್ಯಾಕರ್ ಎಂಬುವನ ನೆನಪಿಗೆ ಅರ್ಪಿಸಿದ್ದಾರೆ. ಇವನ ಕಥೆ ಹೇಳದೆ ಬಿಡುವ ಹಾಗಿಲ್ಲ. 1874ರ ಚಳಿಗಾಲದಲ್ಲಿ ಚಿನ್ನದ ಆಸೆಗೆ ಆರು ಜನ ಕೊಲೊರಾಡೊ ಬೆಟ್ಟ ಹತ್ತಿದರು. ಏಪ್ರಿಲ್‌ನಲ್ಲಿ ಇಳಿದು ಬಂದವನು ಪ್ಯಾಕರ್ ಒಬ್ಬನೇ. ಉಳಿದ ಐವರೂ ಒಂದು ಲೆಕ್ಕದಲ್ಲಿ ಅವನ ಜೊತೆಗೇ ಬಂದಿದ್ದರು. ಜೈಲಿನಿಂದ ಓಡಿಹೋದ, 1883ರಲ್ಲಿ ಸಿಕ್ಕಿಬಿದ್ದ, ಗಲ್ಲು ಶಿಕ್ಷೆಯಾಯಿತು, ಅದು ರದ್ದಾಗಿ 40 ವರ್ಷ ಜೈಲಾಯಿತು, 1901ರಲ್ಲಿ ಪೆರೋಲ್ ಮೇಲೆ ಹೊರಗೂ ಬಂದ. ಈಗ ಕೇಳಿ. ಬೌಲ್ಡರ್‌ನಲ್ಲಿರುವ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 1968ರಲ್ಲಿ ಇವನ ಹೆಸರನ್ನು ಇಟ್ಟರು. ಎಲ್ಲಿಗೆ? ಕ್ಯಾಂಟೀನಿಗೆ! ಮನುಷ್ಯರನ್ನು ತಿಂದವನ ಹೆಸರಿನ ಕ್ಯಾಂಟೀನಿನಲ್ಲಿ ಬರ್ಗರ್ ತಿಂದು ಡಿಗ್ರಿ ಪಡೆಯಬಹುದು. ಅವನಿಗೆ ಅರ್ಪಿಸಿದ ಹಾಡು ಕೇಳಿದರೆ ಮಾತ್ರ ಮಕ್ಕಳು ಹಾಳಾಗುತ್ತಾರೆ.

ಇತ್ತ ನಮ್ಮ ಕರಾವಳಿಯಲ್ಲಿ 'ದೇವಿ ಮಹಾತ್ಮೆ' ಯಕ್ಷಗಾನದ ಆಟ ನೋಡಿದ್ದೀರಲ್ಲ? ಸರಿರಾತ್ರಿಯಲ್ಲಿ ಮಹಿಷಾಸುರ ದೊಂದಿ ಬೆಳಕಿನಲ್ಲಿ ಜನರ ನಡುವಿನಿಂದಲೇ ಅಬ್ಬರಿಸುತ್ತ ಬರುತ್ತಾನೆ. ಚೆಂಡೆಯ ಸದ್ದಿಗೆ ಎದೆ ಅದುರುತ್ತದೆ. ಮಕ್ಕಳು ಅಜ್ಜಿಯ ಸೆರಗಿನಿಂದ ಇಣುಕಿ ನೋಡುತ್ತಾರೆ. ಬೆಳಿಗ್ಗೆ ತೂಕಡಿಸುತ್ತ ಶಾಲೆಗೆ ಹೋಗುತ್ತಾರೆ. ಇದುವರೆಗೆ ಯಾರೂ ಕೋಣವಾದ ವರದಿಯಿಲ್ಲ.

ಬಾಬ್ ಡೋಲ್ ಅವರನ್ನಂತೂ ಹೊಗಳಲೇಬೇಕು. 1995ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಹೊರಟಿದ್ದ ಸೆನೆಟರ್. ಲಾಸ್ ಏಂಜಲೀಸ್‌ಗೇ ಹೋಗಿ ಸಿನಿಮಾ, ಸಂಗೀತದವರಿಗೆ ನೀತಿಪಾಠ ಹೇಳಿದರು. ಬೈಗುಳದ ಪಟ್ಟಿಯಲ್ಲಿ ಕ್ಯಾನಿಬಲ್ ಕಾರ್ಪ್ಸ್. ಮನೆಮಂದಿ ಕೂತು ನೋಡುವ ಪಟ್ಟಿಯಲ್ಲಿ ಶ್ವಾರ್ಜ್‌ನೆಗರ್ ಅವರ 'ಟ್ರೂ ಲೈಸ್'. ಅದರಲ್ಲಿ ಬೀಳುವ ಹೆಣ ಎಣಿಸಲು ಕೈಬೆರಳು ಸಾಲದು. ಅಣುಬಾಂಬೂ ಸಿಡಿಯುತ್ತದೆ. ಆದರೆ ನಾಯಕನಿಗೆ ಹೆಂಡತಿ, ಮಗಳು ಇದ್ದಾರಲ್ಲ, ಕುಟುಂಬ ಚಿತ್ರವೇ ಸರಿ. ಇದೇ ಡೋಲ್ ಅದೇ ವರ್ಷ ಬಂದೂಕು ಸಂಘಕ್ಕೆ ಪತ್ರ ಬರೆದು, ಸೇನಾ ಮಾದರಿಯ ಬಂದೂಕುಗಳ ಮೇಲಿದ್ದ ನಿಷೇಧ ತೆಗೆಸುವುದು ತಮ್ಮ ಆದ್ಯತೆ ಎಂದಿದ್ದರು.

ಇಲ್ಲಿಗೆ ಬಂದಾಗ ನನಗೆ ನಗು ಬರುವುದಿಲ್ಲ. ಆಲ್ಬಂ ಕವರ್ ತಗಲಿ ಸತ್ತ ಮಗು ಎಲ್ಲಿದೆ, ತೋರಿಸಿ. ಬಂದೂಕಿಗೆ ಬಲಿಯಾದ ಮಕ್ಕಳ ಹೆಸರು ಓದುತ್ತ ಕೂತರೆ ಕತ್ತಲಾಗುತ್ತದೆ. ಇದು ಇವರಿಗೆ ಗೊತ್ತಿಲ್ಲದ್ದೇನಲ್ಲ. ಬಂದೂಕಿನವರ ಹತ್ತಿರ ಓಟಿದೆ, ದುಡ್ಡಿದೆ. ಉದ್ದ ಕೂದಲಿನ ಹುಡುಗರ ಹತ್ತಿರ ಏನಿದೆ? ಅದಕ್ಕೇ ಅವರನ್ನು ಬೈಯುವುದು. ಖರ್ಚಿಲ್ಲದ ಶೌರ್ಯ.

ರಷ್ಯಾ ಇನ್ನೂ ಜೋರು. 2014ರ ಮಾರ್ಚ್‌ನಲ್ಲಿ ಯುಕ್ರೇನಿನ ಕ್ರೈಮಿಯಾ ನುಂಗಿದ ದೇಶ ಅಕ್ಟೋಬರ್‌ನಲ್ಲಿ ಈ ಬ್ಯಾಂಡ್ ಬಂದಾಗ ಹಿಂಸೆ ಎಂದು ಬೆವರಿತು. ಉಫಾದಲ್ಲಿ ಶೋ ಶುರುವಾಗುವ ಮುಂಚೆ ಕರೆಂಟ್ ಹೋಯಿತು. ಹಾಲ್‌ನವರು ಬಾಡಿಗೆ ಬಾಕಿ ಇಟ್ಟಿದ್ದಾರೆ ಅಂತ ಬ್ಯಾಂಡಿಗೆ ಹೇಳಿದರು. ಮಾಸ್ಕೋ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ವೀಸಾ ಸರಿಯಿಲ್ಲ ಅಂದರು. ನಿಜ್ನಿ ನೊವ್‌ಗೊರೊದ್‌ನಲ್ಲಿ ಅರ್ಧ ಹಾಡಿದ ಮೇಲೆ ಪೊಲೀಸರಿಗೆ ಡ್ರಗ್ಸ್ ಹುಡುಕುವ ನೆನಪಾಯಿತು. ಕೊನೆಗೆ ಉಫಾದ ಕೋರ್ಟು ಹಾಡಿನ ಸಾಹಿತ್ಯ, ಕವರ್ ಚಿತ್ರ ಎರಡನ್ನೂ ನಿಷೇಧಿಸಿತು. ಆಗ ಹತ್ತು ವರ್ಷವಾಗಿದ್ದ ಹುಡುಗರಿಗೆ 2022ಕ್ಕೆ ಹದಿನೆಂಟು ತುಂಬಿತು. ಹೆಣದ ಚಿತ್ರ ನೋಡಬಾರದಿದ್ದವರು ಯುಕ್ರೇನಿಗೆ ಹೊರಡುವ ವಯಸ್ಸಿಗೆ ಬಂದರು. ಅದಕ್ಕೆ ಯಾವ ಕೋರ್ಟೂ ಅಡ್ಡ ಬರಲಿಲ್ಲ.