ಎಡಗಡೆ ಸೀಟು ಬೇಡ ಅಂದವನು

ಕೋಲಾರಕ್ಕೆ ಹೋದಾಗಲೆಲ್ಲ ನನಗೆ ಎರಡು ಪ್ರಶ್ನೆ ಕಾದಿರುತ್ತವೆ. ಒಂದು, 'ತಿಂಗಳಿಗೆ ಎಷ್ಟು ಬರುತ್ತೆ?' ಇನ್ನೊಂದು, 'ಇನ್ನೂ ಕ್ಯಾಪ್ಟನ್ ಆಗಲಿಲ್ವಾ?' ಮೊದಲಿನದಕ್ಕೆ ನಕ್ಕು ಪಾರಾಗುತ್ತೇನೆ. ಎರಡನೆಯದಕ್ಕೆ ನಕ್ಕರೆ, ಪಾಪ, ಪರೀಕ್ಷೆಯಲ್ಲಿ ಫೇಲಾಗಿರಬೇಕು ಅಂದುಕೊಳ್ಳುತ್ತಾರೆ. ಅದೂ ನಾನು ಓಡಿಸುವುದು ಸರಕಿನ ವಿಮಾನ. 'ಪ್ಯಾಸೆಂಜರ್ ಸಿಗಲಿಲ್ವೇನಪ್ಪ' ಅಂತ ನಮ್ಮ ದೊಡ್ಡಮ್ಮ ಒಮ್ಮೆ ಬಹಳ ಮೆತ್ತಗೆ ಕೇಳಿದ್ದರು, ಹೆಣ್ಣು ಸಿಗದವನನ್ನು ಕೇಳುವ ಹಾಗೆ.

ನಾನಿರುವುದು ಅಮೆರಿಕದ ಒಹಾಯೊದಲ್ಲಿ. ಬೋಯಿಂಗ್ 767 ಕಾರ್ಗೋ ವಿಮಾನದಲ್ಲಿ ಬಲಗಡೆ ಸೀಟು, ಅಂದರೆ ಫಸ್ಟ್ ಆಫೀಸರ್. ಎಡಗಡೆಯ ಕ್ಯಾಪ್ಟನ್ ಸೀಟಿಗೆ ಹೋಗುವ ಅವಕಾಶ ಎರಡು ಸಲ ಬಂತು. ಎರಡು ಸಲವೂ ನಾನೇ ಬೇಡ ಅಂದೆ. ಇದು ಊರಿನಲ್ಲಿ ಒಬ್ಬರಿಗೆ ಮಾತ್ರ ಸಲೀಸಾಗಿ ಅರ್ಥವಾಯಿತು. ಅವರು ನನ್ನ ಸೋದರಮಾವ, ಟೊಮೆಟೊ ಲಾರಿ ಡ್ರೈವರ್.

ಅಲ್ಲಿನ ಲೆಕ್ಕ ಹೀಗಿದೆ. ಅಮೆರಿಕದ ದೊಡ್ಡ ವಿಮಾನ ಕಂಪನಿಗಳಲ್ಲಿ ಪೈಲಟ್‌ಗೆ ಸೇರಿದ ದಿನಾಂಕದ ಮೇಲೆ ಒಂದು ಸೀನಿಯಾರಿಟಿ ನಂಬರ್ ಬರುತ್ತದೆ. ಯಾವ ವಿಮಾನ, ಯಾವ ಊರಿನ ಬೇಸ್, ಯಾವ ಸೀಟು, ಯಾವ ಟ್ರಿಪ್, ಯಾವ ವಾರ ರಜೆ, ಎಲ್ಲಕ್ಕೂ ಅದೇ ನಂಬರ್. ಪ್ರತಿ ತಿಂಗಳು ಬೇಕಾದದ್ದನ್ನು ಬರೆದು ಬಿಡ್ ಹಾಕುತ್ತೇವೆ. ಮೇಲಿನವರು ಆರಿಸಿಕೊಂಡು ಉಳಿದದ್ದು ಕೆಳಗಿನವರಿಗೆ. ಮದುವೆ ಮನೆಯ ಪಂಕ್ತಿ ಇದ್ದ ಹಾಗೆ, ಕೊನೆ ಪಂಕ್ತಿಗೆ ಹೋಳಿಗೆ ಉಳಿದಿದ್ದರೆ ಉಂಟು. ಮುಂದಿನವರು 65 ವರ್ಷಕ್ಕೆ ನಿವೃತ್ತರಾದರೆ ನಾವು ಒಂದು ಮೆಟ್ಟಿಲು ಮೇಲೆ. ಕಂಪನಿ ಬದಲಿಸಿದರೆ ಮಾತ್ರ ಇಪ್ಪತ್ತು ವರ್ಷದ ಕ್ಯಾಪ್ಟನ್ ಕೂಡ ಹೊಸ ಕಡೆ ಕೊನೆ ಪಂಕ್ತಿಯಲ್ಲೇ ಕೂರಬೇಕು.

ಈಗ ನಾನು ಫಸ್ಟ್ ಆಫೀಸರ್‌ಗಳ ಪಟ್ಟಿಯಲ್ಲಿ ಮೇಲಿದ್ದೇನೆ. ಯುಗಾದಿಗೆ ರಜೆ ಬೇಕೆಂದರೆ ಸಿಗುತ್ತದೆ. ಬೇಡದ ಟ್ರಿಪ್ ಬಿಡಬಹುದು. ಕ್ಯಾಪ್ಟನ್ ಆದ ದಿನ ಕ್ಯಾಪ್ಟನ್‌ಗಳ ಪಟ್ಟಿಯ ತಳಕ್ಕೆ ಹೋಗುತ್ತೇನೆ. ಅಲ್ಲಿ ಮೊದಲು ಸಿಗುವುದು ರಿಸರ್ವ್ ಡ್ಯೂಟಿ. ಫೋನ್ ಪಕ್ಕದಲ್ಲಿಟ್ಟುಕೊಂಡು ಕಾಯುವುದು, ಕರೆದರೆ ಓಡುವುದು. ಕ್ರಿಸ್‌ಮಸ್‌ಗೆ ಮುಂಚಿನ ವಾರಗಳು ಪಾರ್ಸೆಲ್ ಸುಗ್ಗಿ. ಆಗಂತೂ ಮನೆ ಮರೆತುಬಿಡಬೇಕು.

ದುಡ್ಡು ಜಾಸ್ತಿ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಯುಪಿಎಸ್, ಫೆಡೆಕ್ಸ್‌ನಂಥ ಪಾರ್ಸೆಲ್ ಕಂಪನಿಗಳಲ್ಲಿ ಕೆಲವು ವರ್ಷ ಕಳೆದ ಕ್ಯಾಪ್ಟನ್‌ನ ದರ ಗಂಟೆಗೆ 300 ಡಾಲರ್ ದಾಟುತ್ತದೆ. ಪಕ್ಕದ ಸೀಟಿನವನಿಗೆ ಸುಮಾರು ಅದರ ಮೂರರಲ್ಲಿ ಎರಡು ಪಾಲು. ಯುಪಿಎಸ್‌ನಲ್ಲಿ ಚಿಕ್ಕ 757 ಓಡಿಸಿದರೂ ದೊಡ್ಡ 747 ಓಡಿಸಿದರೂ ಒಂದೇ ದರ. ಫೆಡೆಕ್ಸ್‌ನಲ್ಲಿ ಅಗಲದ ವಿಮಾನಕ್ಕೆ ಜಾಸ್ತಿ. ನನಗೆ ಮೊದಲನೆಯದೇ ಸರಿ ಅನಿಸುತ್ತದೆ. ದರ ಒಂದೇ ಆದರೆ ಯಾವ ವಿಮಾನ ತನ್ನ ನಿದ್ದೆಗೆ, ಸಂಸಾರಕ್ಕೆ ಹೊಂದುತ್ತದೋ ಅದನ್ನು ಆರಿಸಿಕೊಳ್ಳಬಹುದು, ಅಲ್ವಾ?

ಮಾವನ ಕಥೆ ಕೇಳಿ. ಅವರ ಓನರ್ ಹೋದ ವರ್ಷ ಹನ್ನೆರಡು ಚಕ್ರದ ಹೊಸ ಲಾರಿ ತಂದರು. ಎಸಿ ಕ್ಯಾಬಿನ್. ದೆಹಲಿಯ ಆಜಾದ್‌ಪುರ ಮಂಡಿಗೆ ಲೋಡು, ಭತ್ಯೆಯೂ ಚೆನ್ನಾಗಿತ್ತು. ಮಾವ ಒಲ್ಲೆ ಅಂದರು. ಹಳೇ ಆರು ಚಕ್ರದ ಗಾಡಿಯಲ್ಲೇ ಚೆನ್ನೈನ ಕೋಯಂಬೇಡಿಗೆ ಹೋಗಿ ಬರುತ್ತಾರೆ. ಸಂಜೆ ಎಪಿಎಂಸಿ ಯಾರ್ಡ್‌ನಲ್ಲಿ ಹದಿನೈದು ಕೆಜಿಯ ಬಾಕ್ಸುಗಳು ಏರುತ್ತವೆ. ಮಾವ ಹಗ್ಗ ಬಿಗಿದು, ಗಂಟಿನ ಮೇಲೆ ಕಾಲಿಟ್ಟು ಒಂದು ಸಲ ಜಗ್ಗಿ ನೋಡುತ್ತಾರೆ. ಕ್ಲೀನರ್ ಬಿಗಿದಿದ್ದರೂ ಅಷ್ಟೇ, ಇವರು ಜಗ್ಗಲೇಬೇಕು. ಮುಳಬಾಗಿಲು ದಾಟಿ ಹೋದರೆ ಮಾರನೇ ದಿನ ಮಧ್ಯಾಹ್ನದ ಮುದ್ದೆಗೆ ಮನೆಯಲ್ಲಿ.

ನಾನೂ ವಿಮಾನದ ಹಿಂದೆ ಹೋಗಿ ಪ್ಯಾಲೆಟ್‌ನ, ಅಂದರೆ ಸರಕು ಪೇರಿಸಿದ ಹಲಗೆಯ, ಬೀಗಗಳನ್ನು ಬೂಟಿನಲ್ಲಿ ತಟ್ಟಿ ನೋಡುತ್ತೇನೆ. ಯಾರಿಂದ ಬಂದ ಅಭ್ಯಾಸ ಅಂತ ಬೇರೆ ಹೇಳಬೇಕಿಲ್ಲ. 767ರಲ್ಲಿ ಸುಮಾರು 50 ಟನ್ ಹಿಡಿಯುತ್ತದೆ ಅಂದಾಗ ಮಾವ ಅರೆಗಳಿಗೆ ಸುಮ್ನಿದ್ದು, '3,300 ಬಾಕ್ಸ್' ಅಂದರು. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಆ ರೇಟಿನಲ್ಲಿ ಒಂದು ವಿಮಾನಕ್ಕೆ 66 ಲಕ್ಷ ಅಂತ ಅವರೇ ಗುಣಿಸಿದರು. 'ಇಷ್ಟೆಲ್ಲ ಹೊರೋನಿಗೆ ನಿದ್ದೆಗೆಷ್ಟು ಕೊಡ್ತಾರೆ?' ಸಂಬಳ ಬಿಟ್ಟು ಇದನ್ನು ಕೇಳಿದವರು ಅವರೊಬ್ಬರೇ.

ಇಲ್ಲೇ ನನಗೂ ಸಿಟ್ಟಿರುವುದು. 2009ರ ಫೆಬ್ರವರಿಯಲ್ಲಿ ಬಫಲೋ ಹತ್ತಿರ ಪ್ಯಾಸೆಂಜರ್ ವಿಮಾನ ಬಿದ್ದು 50 ಜನ ಸತ್ತ ಮೇಲೆ ಅಮೆರಿಕ ಪೈಲಟ್‌ಗಳ ವಿಶ್ರಾಂತಿ ನಿಯಮ ಬಿಗಿ ಮಾಡಿತು. 2014ರ ಜನವರಿಯಿಂದ ಅದು ಜಾರಿಗೆ ಬಂತು. ಕಾರ್ಗೋದವರನ್ನು ಮಾತ್ರ ಹೊರಗಿಟ್ಟರು, ಖರ್ಚು ಜಾಸ್ತಿ ಅಂತ. ನಡುರಾತ್ರಿ ಡ್ಯೂಟಿ ಹತ್ತುವ ಇಬ್ಬರು ಪ್ಯಾಸೆಂಜರ್ ಪೈಲಟ್‌ಗಳು 9 ಗಂಟೆಯಲ್ಲಿ ಮುಗಿಸಬೇಕು. ನಮ್ಮನ್ನು 16 ಗಂಟೆವರೆಗೂ ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಯೂನಿಯನ್ ಒಪ್ಪಂದ ಇದ್ದಲ್ಲಿ ಅದು ಇಳಿಯುತ್ತದೆ, ಅಷ್ಟೇ. ಆ ನಿಯಮ ಬರುವ ಮುಂಚೆ, 2013ರ ಆಗಸ್ಟ್‌ನಲ್ಲಿ, ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ನಸುಕಿಗೆ ಮುಂಚೆ ಇಳಿಯುತ್ತಿದ್ದ ಕಾರ್ಗೋ ವಿಮಾನ ಬಿದ್ದು ಇಬ್ಬರು ಪೈಲಟ್‌ಗಳೂ ಸತ್ತರು. ತನಿಖೆಯಲ್ಲಿ ಆಯಾಸದ ಮಾತೂ ಬಂತು. ಅದಾದ ಮೇಲೂ ನಮ್ಮನ್ನು ಸೇರಿಸಲಿಲ್ಲ. ಯುರೋಪಿನಲ್ಲಿ ಈ ಭೇದವಿಲ್ಲ. ಡಬ್ಬಕ್ಕೆ ನಿದ್ದೆ ಬೇಡ ನಿಜ, ಅದನ್ನು ಹೊರುವವನೂ ಡಬ್ಬವೇನು?

ಇದನ್ನು ಹೇಳಿದರೆ ಮಾವ ನಗುತ್ತಾರೆ. ನಮ್ಮ ದೇಶದ ಲಾರಿಯವರಿಗೂ 1961ರಲ್ಲೇ ಕಾಯ್ದೆ ಬಂದಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48. ಆದರೆ ಐದು ಅಥವಾ ಹೆಚ್ಚು ಜನ ಕೆಲಸಗಾರರಿರುವ ಕಡೆಗೆ ಮಾತ್ರ ಅದು ಇದ್ದದ್ದು. ಒಂದು ಲಾರಿ, ಎರಡು ಲಾರಿ ಇಟ್ಟವರಿಗೆ ಆ ಕಾಯ್ದೆ ತಾಕುತ್ತಲೇ ಇರಲಿಲ್ಲ. ಕಾನೂನಿನ ಬೇಲಿಯಲ್ಲಿ ಲಾರಿ ನುಗ್ಗುವಷ್ಟು ಕಿಂಡಿ, ಅಲ್ಲೂ ಇಲ್ಲೂ.

ಮಾವನಿಗೂ ನನಗೂ ಇರುವ ವ್ಯತ್ಯಾಸ ಬೇರೆ ಕಡೆ ಇದೆ. ನಾನು ಬೇಡ ಅಂದರೆ ಯಾರ ಮುಖವೂ ಕೆಡುವುದಿಲ್ಲ. ನನ್ನ ನಂಬರ್ ಅಲ್ಲೇ ಇರುತ್ತದೆ, ಮುಂದಿನ ಸಲ ಮತ್ತೆ ಕೇಳಬಹುದು. ಮಾವ ಒಲ್ಲೆ ಅಂದ ಮೇಲೆ ಓನರ್ ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಮೂವತ್ತು ವರ್ಷದ ಸರ್ವೀಸಿಗೆ ಅಲ್ಲಿ ನಂಬರ್ ಇಲ್ಲ. ಹೊಸ ಲಾರಿ ನಿನ್ನೆ ಮೊನ್ನೆ ಬಂದ ಹುಡುಗನಿಗೆ ಹೋಯಿತು. ನಮ್ಮ ದೇಶದ ಪೈಲಟ್‌ಗೂ ಬೇಡ ಅನ್ನುವುದು ಸುಲಭವಲ್ಲ. ವಿಮಾನಯಾನದ ಮೇಲ್ವಿಚಾರಣೆ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ 2017ರ ನಿಯಮದ ಪ್ರಕಾರ ಕೆಲಸ ಬಿಡಲು ಕ್ಯಾಪ್ಟನ್ ಒಂದು ವರ್ಷ, ಕೋಪೈಲಟ್ ಆರು ತಿಂಗಳು ಮೊದಲೇ ನೋಟಿಸ್ ಕೊಡಬೇಕು.

ಸೀನಿಯಾರಿಟಿಯೇ ಚಿನ್ನ ಅನ್ನುತ್ತಿಲ್ಲ. ಮೈಗಳ್ಳನಿಗೂ ಚುರುಕಿನವನಿಗೂ ಒಂದೇ ಸಾಲು. ಎಳೆ ಮಗು ಇರುವ ಹೊಸಬನಿಗೆ ಅತಿ ಕೆಟ್ಟ ರಾತ್ರಿಗಳು. ನಾನೂ ಐದು ವರ್ಷ ಬೈದುಕೊಂಡೇ ದುಡಿದವನು. ಬೈಯುವುದಕ್ಕೆ ಒಂದು ಮುಖ ಇರಲಿಲ್ಲ, ಅದೊಂದು ಸಮಾಧಾನ.

ರಾತ್ರಿ ಹಬ್‌ನಲ್ಲಿ ಪಾರ್ಸೆಲ್ ವಿಂಗಡಿಸುವಷ್ಟು ಹೊತ್ತು ನಮಗೆ ಮಲಗಲು ಪುಟ್ಟ ಕೋಣೆಗಳಿವೆ. ಎರಡು ಗಂಟೆ ಕಣ್ಣು ಮುಚ್ಚಿ, ಮೂರಕ್ಕೆ ಅಲಾರಂ. ಬೇಸಿಗೆಯಲ್ಲಿ ಆಗ ಕೋಲಾರದಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಶೂ ಲೇಸ್ ಕಟ್ಟುತ್ತಾ ಮಾವನಿಗೆ ಫೋನ್ ಹಚ್ಚುತ್ತೇನೆ. ಅವರು ಊಟ ಮುಗಿಸಿ ಮಲಗುವ ಹೊತ್ತು.

ಮೊನ್ನೆ ಕೇಳಿದೆ, ದೆಹಲಿ ಲಾರಿಯ ಹುಡುಗ ಹೇಗಿದ್ದಾನೆ ಅಂತ.

'ಅವನಾ? ಹೋದ ವಾರ ಬಂದು, ಕೋಯಂಬೇಡು ಗಾಡಿ ನಂಗೆ ಬಿಟ್ಟುಕೊಡ್ತೀಯಾಣ್ಣ ಅಂತ ಕೇಳ್ದ' ಅಂದರು ಮಾವ. 'ಆಗಲ್ಲ ಹೋಗಪ್ಪ ಅಂದೆ.'